ಗಾಡಿಯ ಬೆಲೆ ನೋಡಿ ಕೊಳ್ಳುವ ವಿಮೆ

ಮೊದಲ ಬೈಕ್ ಕೊಳ್ಳುವವರಿಗೆ ಶೋರೂಮಿನ ಸೇಲ್ಸ್‌ಮನ್, ಪಕ್ಕದ ಮನೆಯ ಅಣ್ಣ, ಗ್ಯಾರೇಜಿನ ಮೇಸ್ತ್ರಿ ಎಲ್ಲರೂ ಕೊಡುವ ಸಲಹೆ ಒಂದೇ: ಗಾಡಿ ಹೊಸದಾದರೆ ಫುಲ್ ಇನ್ಶೂರೆನ್ಸ್ ಇರಲಿ, ಹಳೆಯದಾದರೆ ಥರ್ಡ್ ಪಾರ್ಟಿ ಸಾಕು. ಈ ಸೂತ್ರ ಎಷ್ಟು ಬೇರೂರಿದೆಯೆಂದರೆ ಇದನ್ನು ಯಾರೂ ಸಲಹೆ ಎಂದೇ ಭಾವಿಸುವುದಿಲ್ಲ, ಸಾಮಾನ್ಯ ಜ್ಞಾನ ಎಂದುಕೊಳ್ಳುತ್ತಾರೆ. ಮೇಲ್ನೋಟಕ್ಕೆ ಜಾಣತನದ ಮಾತೇ. ಇಪ್ಪತ್ತು ಸಾವಿರ ಬಾಳುವ ಗಾಡಿಗೆ ಸಾವಿರಾರು ರೂಪಾಯಿ ವಿಮೆ ಕಟ್ಟುವವರು ಯಾರು? ಆದರೆ ಈ ಸೂತ್ರ ಅಳೆಯುವುದು ಗಾಡಿಯ ಬೆಲೆಯನ್ನು ಮಾತ್ರ. ರಸ್ತೆಯಲ್ಲಿ ಆಗುವ ನಷ್ಟಕ್ಕೂ ಗಾಡಿಯ ಬೆಲೆಗೂ ಸಂಬಂಧವಿಲ್ಲ. ಹದಿನೈದು ವರ್ಷದ ಹಳೆಯ ಸ್ಪ್ಲೆಂಡರ್ ಗುದ್ದಿದರೂ ಮೂಳೆ ಮುರಿಯುವುದು ಒಂದೇ ತರಹ. ಈ ಸೂತ್ರದ ಇನ್ನೂ ದೊಡ್ಡ ಎಡವಟ್ಟು ಬೇರೆಯೇ ಇದೆ. ಹೊಸ ಸವಾರರು ಹೆಚ್ಚಾಗಿ ಕಲಿಯುವುದು ಅಪ್ಪನ ಹಳೆಯ ಗಾಡಿಯಲ್ಲಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಲ್ಲಿ. ಹಾಗಾಗಿ ಅನುಭವ ಅತಿ ಕಡಿಮೆ ಇರುವವನ ಪಾಲಿಗೆ ಅತಿ ಕಡಿಮೆ ರಕ್ಷಣೆ ಬರುತ್ತದೆ.

ಮೊದಲು ಕಾನೂನು ಕೇಳುವುದೇನು ಎಂಬುದು ಸ್ಪಷ್ಟವಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ಯಾವ ವಾಹನವೂ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಇದರ ಪ್ರೀಮಿಯಂ ಅನ್ನು ಕಂಪನಿಗಳು ನಿರ್ಧರಿಸುವುದಿಲ್ಲ, ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿಸಿಗೆ 1,366, ಅದಕ್ಕೂ ಮೇಲಿನದಕ್ಕೆ 2,804 ರೂಪಾಯಿ, ತೆರಿಗೆ ಬೇರೆ. 714 ರೂಪಾಯಿ ಎಂದರೆ ದಿನಕ್ಕೆ ಎರಡು ರೂಪಾಯಿಗೂ ಕಡಿಮೆ. ಅಷ್ಟಕ್ಕೆ ಸಿಗುವುದು ಸಣ್ಣದೇನಲ್ಲ. ಮೂರನೇ ವ್ಯಕ್ತಿಯ ಸಾವು ಅಥವಾ ಗಾಯಕ್ಕೆ ಕಂಪನಿ ಕೊಡಬೇಕಾದ ಮೊತ್ತಕ್ಕೆ ಮಿತಿಯೇ ಇಲ್ಲ.

ಮಿತಿ ಇಲ್ಲ ಎಂಬುದರ ಅರ್ಥ ಗೊತ್ತಾಗಲು ಒಂದು ಲೆಕ್ಕ ಸಾಕು. ತಿಂಗಳಿಗೆ 20,000 ರೂಪಾಯಿ ದುಡಿಯುವ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ 25 ವರ್ಷದ ಸ್ವಯಂ ಉದ್ಯೋಗಿಯೊಬ್ಬ ಬೈಕ್ ಬಡಿದು ತೀರಿಕೊಂಡ ಎಂದಿಟ್ಟುಕೊಳ್ಳಬಹುದು. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದ ಕ್ರಮದಂತೆ, ಮುಂದೆ ಬೆಳೆಯಬಹುದಾಗಿದ್ದ ಆದಾಯವೆಂದು ಶೇ. 40 ಸೇರಿಸಿದರೆ ತಿಂಗಳಿಗೆ 28,000 ಆಗುತ್ತದೆ. ವರ್ಷಕ್ಕೆ 3,36,000. ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 2,24,000. ಆ ವಯಸ್ಸಿಗೆ ಗುಣಕ 18. ಒಟ್ಟು 40,32,000 ರೂಪಾಯಿ. ಇತರ ಬಾಬ್ತುಗಳು ಇದರ ಮೇಲೆ. ವಿಮೆ ಇಲ್ಲದವನು ಇದನ್ನು ಕೈಯಿಂದ ಕೊಡಬೇಕು. ಹೊಲ, ಮನೆ, ಸೈಟು ಏನಿದ್ದರೂ ಈ ಹೊಣೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಥರ್ಡ್ ಪಾರ್ಟಿ ವಿಮೆಯನ್ನು ಕೇವಲ ಪೊಲೀಸರಿಗೆ ತೋರಿಸುವ ಕಾಗದ ಎಂದು ಬಗೆಯುವುದು ಪ್ರಚಲಿತ ಅಭಿಪ್ರಾಯದ ಮೊದಲ ತಪ್ಪು. ಇಡೀ ವಿಮಾ ಮಾರುಕಟ್ಟೆಯಲ್ಲಿ ಕೊಟ್ಟ ಹಣಕ್ಕೆ ಇದಕ್ಕಿಂತ ಹೆಚ್ಚು ರಕ್ಷಣೆ ಕೊಡುವ ಸರಕು ಸಿಗುವುದು ಕಷ್ಟ.

ತೊಡಕಿರುವುದು ಅದರ ಮೊತ್ತದಲ್ಲಲ್ಲ, ಅದು ಯಾರನ್ನು ಕಾಯುತ್ತದೆ ಎಂಬುದರಲ್ಲಿ. ವಿಮಾ ಒಪ್ಪಂದದಲ್ಲಿ ಮೊದಲನೆಯವನು ಗಾಡಿಯ ಮಾಲೀಕ, ಎರಡನೆಯದು ಕಂಪನಿ, ಇವರಿಬ್ಬರ ಹೊರಗಿನವರು ಮೂರನೆಯವರು. ಗಾಡಿ ಓಡಿಸುತ್ತಿರುವ ಮಾಲೀಕ ತನ್ನದೇ ಗಾಡಿಗೆ ಎಂದೂ ಮೂರನೆಯವನಾಗಲಾರ. ಮರಳಿನ ಮೇಲೆ ಜಾರಿ ಬಿದ್ದರೆ, ನಾಯಿ ಅಡ್ಡ ಬಂದು ಬಿದ್ದರೆ, ರಾತ್ರಿ ಗುರುತಿಲ್ಲದ ಹಂಪ್ ಹಾರಿ ಬಿದ್ದರೆ ಥರ್ಡ್ ಪಾರ್ಟಿ ಪಾಲಿಸಿಯಿಂದ ಅವನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಸವಾರರು ಬೀಳುವುದು ಹೆಚ್ಚಾಗಿ ಹೀಗೆ ಒಬ್ಬರೇ. ಬ್ರೇಕಿನ ಹದ ಕೈಗೆ ಹತ್ತಿರುವುದಿಲ್ಲ, ತಿರುವಿನಲ್ಲಿ ವೇಗದ ಅಂದಾಜು ಸಿಕ್ಕಿರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಸವಾರನೇ ಮುಖ್ಯ ಬಲಿಪಶುವಾಗಿರುವ ವಾಹನಕ್ಕೆ ಸವಾರನನ್ನು ಹೊರಗಿಡುವ ವಿಮೆ ಸಾಕು ಎನ್ನುವುದು ಎಂಥ ಲೆಕ್ಕ?

ಎರವಲು ಗಾಡಿಯ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಉತ್ತರ ಕರ್ನಾಟಕದ್ದೇ. ಒಬ್ಬಾತ ಬೇರೊಬ್ಬರ ಹೀರೊ ಹೊಂಡಾ ಕೇಳಿ ಪಡೆದು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಥಟ್ಟನೆ ನಿಂತಿತು. ಬೈಕ್ ಹೋಗಿ ಅದಕ್ಕೆ ಬಡಿದು ಆತ ತೀರಿಕೊಂಡ. ಹೆಂಡತಿ ಮಕ್ಕಳು ಅದೇ ಬೈಕಿನ ವಿಮಾ ಕಂಪನಿಯಿಂದ, ತಪ್ಪು ಯಾರದೆಂದು ಸಾಬೀತುಮಾಡಬೇಕಿಲ್ಲದ, ಆಗ ಜಾರಿಯಲ್ಲಿದ್ದ 163ಎ ಕಲಮಿನಡಿ ಪರಿಹಾರ ಕೇಳಿದರು. ಗಾಡಿಯನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಮಾಲೀಕ ತನ್ನಿಂದ ತಾನೇ ಪರಿಹಾರ ಕೇಳಲಾಗದು, ಆದ್ದರಿಂದ ಆ ಕಲಮಿನಡಿ ಅರ್ಜಿ ನಿಲ್ಲದು ಎಂದಿತು ನ್ಯಾಯಾಲಯ. ಸ್ನೇಹಿತನ ಬೈಕಿನಲ್ಲಿ ಕೈ ಪಳಗಿಸಿಕೊಳ್ಳುವ ಪ್ರತಿಯೊಬ್ಬ ಹುಡುಗನೂ ನಿಂತಿರುವುದು ಇದೇ ಜಾಗದಲ್ಲಿ.

ಇನ್ನು ಹಿಂದೆ ಕೂತವರ ಮಾತು. ಪ್ರಚಲಿತ ಸೂತ್ರ ಪೂರ್ತಿ ಕುಸಿಯುವುದು ಇಲ್ಲಿ. ಹಿಂಬದಿ ಸವಾರ ಹೇಗೂ ಹೊರಗಿನವನಲ್ಲವೇ, ಅವನಿಗೆ ಥರ್ಡ್ ಪಾರ್ಟಿ ವಿಮೆ ಅನ್ವಯಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅನ್ವಯಿಸುವುದಿಲ್ಲ. ಕಾನೂನಿನ ಕನಿಷ್ಠ ಅಗತ್ಯಕ್ಕಷ್ಟೇ ಮಾಡಿಸಿದ ಪಾಲಿಸಿ, ಬಾಡಿಗೆಯಿಲ್ಲದೆ ಹಿಂದೆ ಕೂತು ಹೋಗುವವರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. 2008ರಲ್ಲಿ ಮತ್ತೆ ಹೇಳಿತು. ಪ್ಯಾಕೇಜ್ ಪಾಲಿಸಿಯ ಮಾತು ಬೇರೆ. ದ್ವಿಚಕ್ರ ವಾಹನದ ಹಿಂಬದಿ ಸವಾರನೂ ಕಾರಿನೊಳಗೆ ಕೂತವರೂ ಪ್ಯಾಕೇಜ್ ಪಾಲಿಸಿಯ ಹೊಣೆಯೊಳಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಕಂಪನಿಗಳಿಗೆ ನೆನಪಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದೇ ಸುತ್ತೋಲೆಯನ್ನು ಆಧರಿಸಿ ಎರಡು ಬಗೆಯ ಪಾಲಿಸಿಗಳ ನಡುವೆ ಗೆರೆ ಎಳೆಯಿತು. ಜನರ ಬಾಯಲ್ಲಿ 'ಫುಲ್ ಇನ್ಶೂರೆನ್ಸ್' ಎನಿಸಿಕೊಂಡಿರುವುದು ಈ ಪ್ಯಾಕೇಜ್ ಪಾಲಿಸಿಯೇ.

ಇದರ ಪರಿಣಾಮ ನೇರವಾಗಿದೆ. ಬರೀ ಥರ್ಡ್ ಪಾರ್ಟಿ ಇರುವ ಗಾಡಿಯಲ್ಲಿ ಗೆಳೆಯನನ್ನೋ ಸಹೋದ್ಯೋಗಿಯನ್ನೋ ಕೂರಿಸಿಕೊಂಡು ಹೋಗುವಾಗ ಸವಾರನ ತಪ್ಪಿನಿಂದ ಅಪಘಾತವಾಗಿ ಹಿಂದಿದ್ದವನು ಸತ್ತರೆ, ಮೇಲಿನ 40 ಲಕ್ಷದ ಲೆಕ್ಕ ಕಂಪನಿಯ ಪುಸ್ತಕಕ್ಕೆ ಹೋಗುವುದಿಲ್ಲ. ಅದರ ಹೊರೆ ಸವಾರ ಮತ್ತು ಮಾಲೀಕನ ಮೇಲೆ ಬೀಳುತ್ತದೆ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಅಪರಿಚಿತನಿಗೆ ಮಿತಿಯಿಲ್ಲದ ರಕ್ಷಣೆ, ಹಿಂದೆ ಸೊಂಟ ಹಿಡಿದು ಕೂತ ತಂಗಿಗೆ ಶೂನ್ಯ.

ಹಳೆಯ ಗಾಡಿಗೆ ಪ್ಯಾಕೇಜ್ ದುಬಾರಿ ಎಂಬ ನಂಬಿಕೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಪ್ಯಾಕೇಜಿನ ಪ್ರೀಮಿಯಂನಲ್ಲಿ ಎರಡು ಭಾಗ: ಸರ್ಕಾರ ಗೊತ್ತುಮಾಡಿದ ಥರ್ಡ್ ಪಾರ್ಟಿ ದರ, ಮತ್ತು ಗಾಡಿಯ ಸ್ವಂತ ಹಾನಿಯ ದರ. ಎರಡನೆಯದು ಐಡಿವಿ, ಅಂದರೆ ಗಾಡಿಯ ಇಂದಿನ ಘೋಷಿತ ಮೌಲ್ಯದ ಮೇಲೆ ನಿಂತಿದೆ. 2002ರ ಮೋಟಾರು ಸುಂಕಪಟ್ಟಿಯಲ್ಲಿ ಬೆಂಗಳೂರನ್ನೂ ಒಳಗೊಂಡ 'ಎ' ವಲಯಕ್ಕೆ ಐದು ವರ್ಷದೊಳಗಿನ, 150 ಸಿಸಿವರೆಗಿನ ಗಾಡಿಗೆ ಶೇ. 1.708, ಐದರಿಂದ ಹತ್ತು ವರ್ಷದ ಗಾಡಿಗೆ ಶೇ. 1.793. ಮೈಸೂರು, ಹುಬ್ಬಳ್ಳಿಯಂಥ ಉಳಿದ ಊರುಗಳಿಗೆ ಇನ್ನೂ ತುಸು ಕಡಿಮೆ. 2007ರಿಂದ ಈ ದರಗಳು ಕಡ್ಡಾಯವಲ್ಲ, ಪೈಪೋಟಿಯಿಂದ ರಿಯಾಯಿತಿಯೂ ಸಿಗುತ್ತದೆ; ಅಂದಾಜಿಗಂತೂ ಪಟ್ಟಿ ಇಂದಿಗೂ ಸಾಕು. 20,000 ರೂಪಾಯಿ ಮೌಲ್ಯದ ಎಂಟು ವರ್ಷದ ಗಾಡಿಗೆ ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ ಸುಮಾರು 360 ರೂಪಾಯಿ. ಗಾಡಿ ಹಳೆಯದಾದಷ್ಟೂ ಮೌಲ್ಯ ಕುಸಿಯುತ್ತದೆ, ಅದರೊಂದಿಗೆ ಪ್ರೀಮಿಯಂ ಕೂಡ ಕುಸಿಯುತ್ತದೆ. 'ಹಳೆಯ ಗಾಡಿಗೆ ಥರ್ಡ್ ಪಾರ್ಟಿ ಸಾಕು' ಎನ್ನುವವರು ಉಳಿಸಿಕೊಡುವುದು ಹೆಚ್ಚುಕಡಿಮೆ ಈ 360 ರೂಪಾಯಿಯನ್ನು. ಕಳೆದುಕೊಳ್ಳುವುದು ಹಿಂಬದಿ ಸವಾರನ ರಕ್ಷಣೆಯನ್ನು. ಹಳೆಯ ಗಾಡಿಗೆ ಪ್ಯಾಕೇಜ್ ಬೇಕಿರುವುದು ಅದರ ಟ್ಯಾಂಕು, ಮಡ್‌ಗಾರ್ಡಿಗಾಗಿ ಅಲ್ಲವೇ ಅಲ್ಲ.

ಸವಾರನ ಸ್ವಂತ ದೇಹಕ್ಕೆ ಇರುವ ಏಕೈಕ ಕಡ್ಡಾಯ ರಕ್ಷಣೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. 2018ರವರೆಗೆ ದ್ವಿಚಕ್ರ ವಾಹನಕ್ಕೆ ಇದು ಬರೀ ಒಂದು ಲಕ್ಷ ರೂಪಾಯಿ ಇತ್ತು. ಆ ವರ್ಷ 15 ಲಕ್ಷಕ್ಕೆ ಏರಿತು. 2019ರ ಜನವರಿಯಿಂದ ಇದನ್ನು ಗಾಡಿಯ ಪಾಲಿಸಿಯಿಂದ ಬೇರೆಯಾಗಿಯೂ ಕೊಳ್ಳಬಹುದು. ಈಗಾಗಲೇ 15 ಲಕ್ಷದ ಬೇರೆ ಅಪಘಾತ ವಿಮೆ ಇರುವವರಿಗೆ, ಎರಡನೇ ಗಾಡಿಗೆ ಮತ್ತೊಮ್ಮೆ ಕಟ್ಟಬೇಕಾದವರಿಗೆ ವಿನಾಯಿತಿಯಿದೆ. ಒಳ್ಳೆಯ ಉದ್ದೇಶದ ಈ ವಿನಾಯಿತಿ ಆನ್‌ಲೈನ್ ಅರ್ಜಿಯಲ್ಲಿ ಒಂದು ಟಿಕ್ ಗುರುತಾಗಿ ಉಳಿದಿದೆ. 'ಬೇರೆ ಪಾಲಿಸಿ ಇದೆ' ಎಂಬಲ್ಲಿ ಬೆರಳೊತ್ತಿದರೆ ಕೆಲವು ನೂರು ರೂಪಾಯಿ ಇಳಿಯುತ್ತದೆ. ಬೇರೆ ಪಾಲಿಸಿ ಏನೂ ಇಲ್ಲದವರೂ ಒತ್ತುತ್ತಾರೆ, ಒತ್ತಲು ಹೇಳಿಕೊಡುವವರೂ ಇದ್ದಾರೆ. ಇದನ್ನು ಉಳಿತಾಯದ ಉಪಾಯವೆಂದು ಹಂಚಿಕೊಳ್ಳುವವರು ತಮ್ಮ ಜೀವದ ಮೇಲಿನ 15 ಲಕ್ಷವನ್ನು ಸುಳ್ಳು ಘೋಷಣೆಯಿಂದ ಬಿಟ್ಟುಕೊಡುತ್ತಿದ್ದಾರೆ, ಅಷ್ಟೆ.

ಈ ವಿಮೆಗೂ ಎರಡು ಕೊರತೆಗಳಿವೆ. ಮೊದಲನೆಯದು, ಇದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಸತ್ತರೆ, ಎರಡು ಕೈಕಾಲು ಅಥವಾ ಎರಡೂ ಕಣ್ಣು ಹೋದರೆ, ಇಲ್ಲವೇ ಶಾಶ್ವತವಾಗಿ ಪೂರ್ತಿ ನಿಶ್ಶಕ್ತನಾದರೆ ಪೂರ್ಣ ಮೊತ್ತ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಕಾಲು ಮುರಿದು ರಾಡ್ ಹಾಕಿಸಿಕೊಂಡು ಮೂರು ತಿಂಗಳು ಹಾಸಿಗೆಯಲ್ಲಿದ್ದರೆ ಏನೂ ಇಲ್ಲ. ಆಸ್ಪತ್ರೆಯ ಬಿಲ್ಲು ಇದರ ವ್ಯಾಪ್ತಿಯಲ್ಲೇ ಇಲ್ಲ. ಆ ಬಿಲ್ಲಿಗೆ ಬೇಕಿರುವುದು ಆರೋಗ್ಯ ವಿಮೆ, ಮೋಟಾರು ವಿಮೆಯ ಯಾವ ಮಟ್ಟವೂ ಅಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರಲ್ಲಿ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆ ಒಂದೂವರೆ ಲಕ್ಷ ರೂಪಾಯಿವರೆಗೆ, ಏಳು ದಿನದ ಮಟ್ಟಿಗೆ ನೆರವಾಗುತ್ತದೆ. ತಲೆಗೆ ಪೆಟ್ಟು ಬಿದ್ದವನಿಗೆ ಏಳು ದಿನ ಎಲ್ಲಿ ಸಾಕು?

ಎರಡನೆಯ ಕೊರತೆ ಹೆಸರಿನದು. ಈ ರಕ್ಷಣೆ ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಹೆಸರಿರುವ, ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿರುವ ಮಾಲೀಕನಿಗೆ. ನಮ್ಮಲ್ಲಿ ಕಾಲೇಜು ಹುಡುಗ ಹುಡುಗಿಯರ ಗಾಡಿಗಳು ಸಾಮಾನ್ಯವಾಗಿ ಅಪ್ಪನ ಹೆಸರಿನಲ್ಲಿರುತ್ತವೆ; ಸಾಲ ಸಿಗುವುದೂ ಅವರ ಹೆಸರಿಗೇ. ಅಪ್ಪ ಬೈಕ್ ಮುಟ್ಟುವುದೇ ಇಲ್ಲ, ದಿನವೂ ಓಡಿಸುವುದು ಮಗ. 15 ಲಕ್ಷದ ರಕ್ಷಣೆ ಅಪ್ಪನಿಗೆ. ಮಗ ಮಾಲೀಕನೂ ಅಲ್ಲ, ಮೂರನೆಯವನೂ ಅಲ್ಲ. ಮನೆಮಂದಿ 'ಫುಲ್ ಇನ್ಶೂರೆನ್ಸ್ ಮಾಡಿಸಿದ್ದೇವೆ' ಎಂದು ನಿಶ್ಚಿಂತೆಯಿಂದಿರುತ್ತಾರೆ, ಓಡಿಸುವ ಮಗ ಮಾತ್ರ ಯಾವ ಬಾಬ್ತಿಗೂ ಸೇರದೆ ಉಳಿಯುತ್ತಾನೆ. ಪರಿಹಾರ ಕಷ್ಟದ್ದಲ್ಲ. ಓಡಿಸುವವನ ಹೆಸರಿನಲ್ಲೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಬೇಕು. ಅದು ಯಾರ ಗಾಡಿ ಓಡಿಸಿದರೂ, ಬಸ್ಸಿನಲ್ಲಿ ಹೋದರೂ ಅನ್ವಯಿಸುತ್ತದೆ. ಅದಕ್ಕೂ ಮೊದಲು, 18ರಿಂದ 70 ವರ್ಷದವರೆಗಿನ ಯಾರೇ ಆದರೂ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕೊಟ್ಟು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದರೆ ಎರಡು ಲಕ್ಷದ ಅಪಘಾತ ರಕ್ಷಣೆ ಸಿಗುತ್ತದೆ. ಸಣ್ಣ ಮೊತ್ತವೇ, ಆದರೂ 20 ರೂಪಾಯಿಗೆ ಜಗಳವಾಡುವವರಿಲ್ಲ.

'ಎದುರಿನವನ ತಪ್ಪಾದರೆ ಅವನ ಇನ್ಶೂರೆನ್ಸ್ ಕೊಡುತ್ತದಲ್ಲ' ಎಂಬುದು ಥರ್ಡ್ ಪಾರ್ಟಿ ಪಕ್ಷದವರ ಮುಂದಿನ ವಾದ. ಅವನಿಗೆ ವಿಮೆ ಇದ್ದರೆ ಕೊಡುತ್ತದೆ. ದೇಶದ ರಸ್ತೆಗಳಲ್ಲಿರುವ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚಿನವು ವಿಮೆಯಿಲ್ಲದವು ಎಂಬುದು ಸಂಸತ್ತಿನ ಸ್ಥಾಯಿ ಸಮಿತಿಯೂ ಎತ್ತಿದ ಆತಂಕ. ವಿಮೆಯಿಲ್ಲದ ಟ್ರ್ಯಾಕ್ಟರ್ ಗುದ್ದಿದರೆ ನ್ಯಾಯಮಂಡಳಿಯ ಆದೇಶ ಹಿಡಿದು ಅದರ ಮಾಲೀಕನ ಹಿಂದೆ ಅಲೆಯಬೇಕು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಡಿ ಸಿಗುವುದು ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಎಲ್ಲ ಸರಿಯಿದ್ದರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಹಣ ಕೈಗೆ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಬೇರೆಯವನ ಪಾಲಿಸಿಯನ್ನು ನೆಚ್ಚಿ ತನ್ನದನ್ನು ಕಿರಿದು ಮಾಡಿಕೊಳ್ಳುವುದಕ್ಕೆ ಲೆಕ್ಕಾಚಾರ ಎಂಬ ಹೆಸರು ಸಲ್ಲದು.

ಸೂತ್ರದ ಮೊದಲರ್ಧ, ಅಂದರೆ ಹೊಸ ಗಾಡಿಗೆ ಫುಲ್ ಇದ್ದರೆ ಎಲ್ಲ ಮುಗಿಯಿತು ಎಂಬುದು, ಕಡಿಮೆ ಅಪಾಯದ ತಪ್ಪು, ಆದರೂ ತಪ್ಪೇ. 2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳಲಾಗುತ್ತದೆ. 75ರಿಂದ 150 ಸಿಸಿ ಗಾಡಿಗೆ 2022ರ ದರದಂತೆ 3,851 ರೂಪಾಯಿ. ಆದರೆ ಅದರೊಂದಿಗೆ ಶೋರೂಮಿನವರು ಸಾಮಾನ್ಯವಾಗಿ ಸೇರಿಸುವ ಸ್ವಂತ ಹಾನಿಯ ವಿಮೆ ಒಂದೇ ವರ್ಷದ್ದು. ಒಂದೇ ಕಾಗದದ ಮೇಲೆ ಎರಡು ಮುಕ್ತಾಯ ದಿನಾಂಕಗಳು. ಮಾಲೀಕ ನೋಡುವುದು ದೂರದ ದಿನಾಂಕವನ್ನು. 'ಐದು ವರ್ಷದ ಇನ್ಶೂರೆನ್ಸ್ ಇದೆ' ಎಂಬ ಧೈರ್ಯದಲ್ಲಿ ಎರಡನೇ ವರ್ಷ ಗಾಡಿ ಕಳುವಾದರೆ ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ, ಪತ್ತೆಯಾಗದೆ 'ಸಿ' ರಿಪೋರ್ಟೂ ಬರುತ್ತದೆ, ಹಣ ಮಾತ್ರ ಬರುವುದಿಲ್ಲ. ಸಾಲದ ಕಂತು ನಿಲ್ಲುವುದೂ ಇಲ್ಲ. 2019ರ ಸೆಪ್ಟೆಂಬರ್‌ನಿಂದ ಸ್ವಂತ ಹಾನಿಯ ಭಾಗವನ್ನಷ್ಟೇ ಬಿಡಿಯಾಗಿ ನವೀಕರಿಸಲು ಅವಕಾಶವಿದೆ.

ಚಾಲ್ತಿಯಲ್ಲಿದ್ದಾಗಲೂ 'ಫುಲ್' ಎಂಬುದು ಪೂರ್ತಿ ಅಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಯ ಮೇಲೆ ಅರ್ಧ ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಏನೂ ಇಲ್ಲ, ಎರಡನೇ ವರ್ಷ ಶೇ. 10, ಹಾಗೆ ಏರುತ್ತದೆ. ಒಂದೂವರೆ ವರ್ಷದ ಸ್ಕೂಟರ್ ಬಿದ್ದು 14,000 ರೂಪಾಯಿ ಬಿಲ್ಲಾಯಿತು ಎನ್ನೋಣ: ಪ್ಲಾಸ್ಟಿಕ್ಕಿಗೆ 8,000, ಲೋಹಕ್ಕೆ 4,000, ಕೂಲಿ 2,000. ಕಂಪನಿ 4,000, 400 ಮತ್ತು ಕಡ್ಡಾಯ ಕಡಿತದ 100 ರೂಪಾಯಿ ಕಳೆದು 9,500 ಕೊಡುತ್ತದೆ. ಝೀರೊ ಡೆಪ್ ಎಂಬ ಹೆಚ್ಚುವರಿ ಸವಲತ್ತು ಸೇರಿಸಿದ್ದರೆ ಸವಕಳಿ ಕಳೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯೇ ಹೆಚ್ಚಿರುವ ಸ್ಕೂಟರಿಗೆ, ಫೇರಿಂಗ್ ಇರುವ ಸ್ಪೋರ್ಟ್ಸ್ ಬೈಕಿಗೆ ಮೊದಲ ಎರಡು ಮೂರು ವರ್ಷ ಅದು ಅರ್ಥಪೂರ್ಣ. ಮಳೆನೀರಿನಲ್ಲಿ ಮುಳುಗಿದ ಗಾಡಿಗೆ ಪ್ಯಾಕೇಜ್ ಅನ್ವಯಿಸುತ್ತದೆ, ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಕೆಡಿಸಿಕೊಂಡರೆ ಅದು ತರುವಾಯದ ಹಾನಿ ಎಂದು ತಳ್ಳಿಹಾಕುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನಿಂತ ಮೇಲೆ ಎಂಜಿನ್ ರಕ್ಷಣೆಯ ಸವಲತ್ತಿನ ಬೆಲೆಯನ್ನು ಬೆಂಗಳೂರಿನವರಿಗೆ ಬೇರೆ ಹೇಳಬೇಕಿಲ್ಲ. ಗಾಡಿ ಬಿಟ್ಟು ಅದಕ್ಕೆ ಜೋಡಿಸಿದ ಹೆಚ್ಚುವರಿ ಸಾಮಗ್ರಿ (ಆಕ್ಸೆಸರಿ) ಮಾತ್ರ ಕದ್ದರೆ ಏನೂ ಬರುವುದಿಲ್ಲ. ಪೂರ್ತಿ ಕಳುವಾದರೂ ಸಿಗುವುದು ಐಡಿವಿ. ಆನ್‌ರೋಡ್ ಬೆಲೆಯಲ್ಲಿ ಸೇರಿದ್ದ ರಸ್ತೆ ತೆರಿಗೆ, ನೋಂದಣಿ ಅದರಲ್ಲಿಲ್ಲ. ಇನ್ನೊಬ್ಬರ ಆಸ್ತಿಗೆ ಆಗುವ ಹಾನಿಗೆ ದ್ವಿಚಕ್ರ ವಾಹನದ ಪಾಲಿಸಿಯ ಮಿತಿ ಸಾಮಾನ್ಯವಾಗಿ ಒಂದು ಲಕ್ಷ. ಎಂ.ಜಿ. ರಸ್ತೆಯಲ್ಲಿ ನಿಂತ ಐಷಾರಾಮಿ ಕಾರಿನ ಹೆಡ್‌ಲೈಟಿಗೆ ಅದು ಸಾಲದೆಯೂ ಹೋಗಬಹುದು.

ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹೋಗುತ್ತದೆಂದು ಕ್ಲೇಮನ್ನೇ ಮಾಡದ, ಹಾಗಾಗಿ ಪ್ಯಾಕೇಜೇ ವ್ಯರ್ಥ ಎನ್ನುವ ಮತ್ತೊಂದು ಬಳಗವಿದೆ. ಬೋನಸ್ ಮೊದಲ ವರ್ಷಕ್ಕೆ ಶೇ. 20, ಐದು ವರ್ಷಕ್ಕೆ ಶೇ. 50, ಕೇಳಲು ಆಕರ್ಷಕ. ಆದರೆ ಅದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ. 1.14 ಲಕ್ಷ ಮೌಲ್ಯದ, 150 ಸಿಸಿಯೊಳಗಿನ ಬೈಕಿಗೆ ಪಟ್ಟಿಯ ದರದಲ್ಲಿ ಆ ಪ್ರೀಮಿಯಂ ಸುಮಾರು 1,950 ರೂಪಾಯಿ, ಅದರ ಶೇ. 20 ಎಂದರೆ 390. ಐದು ವರ್ಷದ ಹೊತ್ತಿಗೆ ಗಾಡಿಯ ಮೌಲ್ಯವೇ ಅರ್ಧವಾಗಿರುವುದರಿಂದ ಶೇ. 50ರ ಬೋನಸ್ಸೂ ಸುಮಾರು 500 ರೂಪಾಯಿಯಷ್ಟೇ. ಕಾರಿನವರ ಚಿಂತೆಯನ್ನು ಬೈಕಿನವರು ಎರವಲು ತಂದುಕೊಂಡಿದ್ದಾರೆ. 600 ರೂಪಾಯಿಯ ಕನ್ನಡಿಗೆ ಕ್ಲೇಮ್ ಮಾಡುವುದು ಬೇಡ, ಸರಿ. 9,500ನ್ನು ಬಿಟ್ಟುಕೊಟ್ಟು 390ನ್ನು ಕಾಯುವುದು ಶುದ್ಧ ಪೆದ್ದುತನ.

'ಕಂಪನಿಯವರು ಹೇಗೂ ಕೊಡುವುದಿಲ್ಲ' ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಕೊಡದಿರಲು ಕಾರಣ ಹುಡುಕುವುದು ಅವರ ಕಸುಬಿನ ಭಾಗ. ಆ ಕಾರಣಗಳನ್ನು ಒದಗಿಸುವವರು ಹೊಸ ಸವಾರರೇ ಎಂಬುದೂ ಅಷ್ಟೇ ಸತ್ಯ. ಎಲ್‌ಎಲ್‌ಆರ್ ಎಂಬ ಕಲಿಕಾ ಪರವಾನಗಿ ಕೂಡ ಊರ್ಜಿತ ಲೈಸೆನ್ಸೇ, ಆದರೆ ಕಲಿಕೆಯ ನಿಯಮಗಳನ್ನು ಪಾಲಿಸಿದಾಗ ಮಾತ್ರ: ಕೆಂಪು 'ಎಲ್' ಇರಬೇಕು, ಕಲಿಸುವವರನ್ನು ಬಿಟ್ಟು ಸುಮ್ಮನೆ ಜೊತೆಗಾರರನ್ನು ಕೂರಿಸಿಕೊಂಡು ಓಡಾಡುವಂತಿಲ್ಲ. ಲೈಸೆನ್ಸೇ ಇಲ್ಲದಿದ್ದರೆ ಕಂಪನಿ ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡುವಂತೆ ನ್ಯಾಯಾಲಯಗಳು ಆದೇಶಿಸುತ್ತವೆ. ಆಗ ಪ್ರೀಮಿಯಂ ಕಟ್ಟಿಯೂ ವಿಮೆ ಇಲ್ಲದವನ ಸ್ಥಿತಿ. ಸೆಕೆಂಡ್ ಹ್ಯಾಂಡ್ ಕೊಂಡವರು ಆರ್‌ಸಿ ವರ್ಗಾವಣೆಯನ್ನು ಮುಂದೂಡುತ್ತಾರೆ. ಥರ್ಡ್ ಪಾರ್ಟಿ ಭಾಗ ಗಾಡಿಯೊಂದಿಗೇ ಹೊಸಬನಿಗೆ ಬರುತ್ತದೆ ಎಂದು 157ನೇ ಕಲಂ ಹೇಳುತ್ತದೆ. ಸ್ವಂತ ಹಾನಿಯ ಭಾಗ ತಾನಾಗಿ ಬರುವುದಿಲ್ಲ, 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆರ್‌ಸಿಯಲ್ಲಿ ಹೆಸರಿಲ್ಲದವನಿಗೆ 15 ಲಕ್ಷದ ಅಪಘಾತ ರಕ್ಷಣೆಯೂ ಇಲ್ಲ. ಮಾರಿದವನೂ ಹಾಯಾಗಿರುವಂತಿಲ್ಲ, ಆರ್‌ಸಿಯಲ್ಲಿ ಹೆಸರು ಇರುವವರೆಗೆ ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಹೊಟ್ಟೆಪಾಡಿಗೆ ಬೈಕ್ ಕಲಿತು ಮರುದಿನವೇ ಊಟದ ಡೆಲಿವರಿಗೆ ಇಳಿಯುವ ಹುಡುಗರದ್ದು ಇನ್ನೂ ಕಠಿಣ ಸ್ಥಿತಿ. ಖಾಸಗಿ ಬಳಕೆಯ ಪಾಲಿಸಿ ಬಾಡಿಗೆಗೆ ಓಡಿಸುವುದನ್ನೂ ಸರಕು ಸಾಗಿಸುವುದನ್ನೂ ಸ್ಪಷ್ಟವಾಗಿ ಹೊರಗಿಡುತ್ತದೆ. ಬೆನ್ನಿಗೆ ಚೀಲ ಇರುವಾಗ ಆದ ಅಪಘಾತದ ಕ್ಲೇಮನ್ನು ಕಂಪನಿ ಅದೇ ಸಾಲು ತೋರಿಸಿ ತಿರಸ್ಕರಿಸಬಹುದು. ಡೆಲಿವರಿ ಕೆಲಸವೆಂದು ಮೊದಲೇ ತಿಳಿಸಿ ಅದಕ್ಕೆ ತಕ್ಕ ಪಾಲಿಸಿ ಕೇಳಿ ಪಡೆಯುವುದೊಂದೇ ಇಲ್ಲಿರುವ ದಾರಿ. ಕೆಲಸ ಕೊಡುವ ಕಂಪನಿ ಕೊಡಿಸಿದ ಗುಂಪು ವಿಮೆ ಏನೇನು ಒಳಗೊಂಡಿದೆ ಎಂಬುದನ್ನು ಬರಹದಲ್ಲಿ ಕೇಳಬೇಕು.

ಹಾಗಾದರೆ ಹೊಸ ಸವಾರ ವಿಮೆಯ ಮಟ್ಟವನ್ನು ಆರಿಸಬೇಕಾದ ಕ್ರಮ ಪ್ರಚಲಿತ ಸೂತ್ರಕ್ಕೆ ತಲೆಕೆಳಗು. ಗಾಡಿಯನ್ನು ಕೊನೆಗೆ ಇಡಬೇಕು. ಮೊದಲು ಥರ್ಡ್ ಪಾರ್ಟಿ, ಅದಕ್ಕೆ ಆಯ್ಕೆಯೇ ಇಲ್ಲ. ನಂತರ ಓಡಿಸುವವನ ಹೆಸರಿನಲ್ಲಿ 15 ಲಕ್ಷಕ್ಕೆ ಕಡಿಮೆಯಿಲ್ಲದ ಅಪಘಾತ ವಿಮೆ ಮತ್ತು ಒಂದು ಆರೋಗ್ಯ ವಿಮೆ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದಾದರೆ, ಗಾಡಿ ಎಷ್ಟೇ ಹಳೆಯದಿರಲಿ, ಪ್ಯಾಕೇಜ್ ಪಾಲಿಸಿ. ಝೀರೊ ಡೆಪ್, ಎಂಜಿನ್ ರಕ್ಷಣೆ ಮುಂತಾದವು ಇವೆಲ್ಲ ಆದ ಮೇಲೆ, ಕೈಯಲ್ಲಿ ಹಣ ಉಳಿದರೆ. ಎರಡು ಲಕ್ಷದ ಬೈಕಿಗೆ ಎಲ್ಲ ಸವಲತ್ತು ಸೇರಿಸಿ ಅಪಘಾತ ವಿಮೆಯನ್ನು ಕೈಬಿಟ್ಟವನಿಗಿಂತ, ಹಳೆಯ ಸ್ಪ್ಲೆಂಡರಿಗೆ ಬರೀ ಪ್ಯಾಕೇಜ್ ಮಾಡಿಸಿ ತನ್ನ ಹೆಸರಿಗೆ 15 ಲಕ್ಷ ಕಟ್ಟಿಸಿಕೊಂಡವನು ಹೆಚ್ಚು ಸುರಕ್ಷಿತ. ಈ ವರ್ಷ ನವೀಕರಣಕ್ಕೆ ಹೋಗುವವರು ಪಾಲಿಸಿಯ ಕಾಗದದಲ್ಲಿ ಮೂರು ಸಾಲು ನೋಡಿಕೊಂಡರೆ ಸಾಕು: ಪಾಲಿಸಿ ಪ್ಯಾಕೇಜೋ ಬರೀ ಹೊಣೆಗಾರಿಕೆಯದೋ, ಸ್ವಂತ ಹಾನಿಯ ಭಾಗ ಮುಗಿಯುವುದು ಯಾವ ದಿನ, ಅಪಘಾತ ವಿಮೆ ಇರುವುದು ಯಾರ ಹೆಸರಿನಲ್ಲಿ.